ಏಳು ಆಳಿನ ಮನೆ

ಆ ಬೇಸಿಗೆಯಲ್ಲಿ ಆಗಬಹುದಾಗಿದ್ದ ಅನಾಹುತಗಳು ಒಂದೆರಡಲ್ಲ. ಕುಮಾರಧಾರೆ ದಾಟುವಾಗ ದೋಣಿ ಮಗುಚಬಹುದಿತ್ತು. (ದೋಣಿ ದಂಡೆಯ ಮೇಲೆ ಬೋರಲು ಬಿದ್ದಿತ್ತು, ಜನ ಮೊಣಕಾಲು ನೀರಿನಲ್ಲಿ ನಡೆದೇ ದಾಟುತ್ತಿದ್ದರು, ಅದು ಬೇರೆ ಮಾತು.) ಕಡಬದ ಆಚೆಯ ಕಾಡಂಚಿನಲ್ಲಿ ಮಲೇರಿಯ ಹಿಡಿದು ನಾನು ಸಾಯಬಹುದಿತ್ತು. ಸಾಯದೆ ಉಳಿದು, ಆ ಜ್ವರವನ್ನು ನನಗೆ ಊಟ ಹಾಕುತ್ತಿದ್ದ ಮನೆಗೆ ಅಂಟಿಸಬಹುದಿತ್ತು. ಪಟೇಲರಿಗೆ ಸಿಟ್ಟು ಬಂದು ನನ್ನ ಟ್ರಂಕನ್ನು ಅಂಗಳಕ್ಕೆ ಎಸೆಯಬಹುದಿತ್ತು. ತಿರುವಾಂಕೂರಿನಿಂದ ಬಂದವರು ನನ್ನನ್ನು ಅರಣ್ಯ ಇಲಾಖೆಯ ಗುಪ್ತಚಾರನೆಂದು ತಿಳಿದು ಕತ್ತಿ ಹಿಡಿದು ಅಟ್ಟಿಸಿಕೊಂಡು ಬರಬಹುದಿತ್ತು. ಆನೆ ಬರಬಹುದಿತ್ತು. ನನ್ನನ್ನು ಕಳುಹಿಸಿದ ಪ್ರೊಫೆಸರರು ತೀರಿಕೊಂಡು, ನಾನು ಯಾರ ಪರವಾಗಿ ಊರೂರು ತಿರುಗಿ ಪ್ರಶ್ನೆ ಕೇಳುತ್ತಿದ್ದೇನೆಂದು ಹೇಳುವವರೇ ಇಲ್ಲದಂತಾಗಬಹುದಿತ್ತು. ಇವೆಲ್ಲಕ್ಕಿಂತ ದೊಡ್ಡದೆಂದರೆ, ಮಾಡಿಗೆ, ಅಂದರೆ ಸೂರಿಗೆ, ಹೊಸ ಮುಳಿಹುಲ್ಲು ಬೀಳದೆ, ಐತ ಮತ್ತು ದೇಯಿ ಎಂಬ ಗಂಡಹೆಂಡಿರ ಗುಡಿಸಲು ಮೊದಲ ಮಳೆಗೇ ಅವರ ತಲೆಯ ಮೇಲೆ ಕುಸಿಯಬಹುದಿತ್ತು.

ಈ ಪಟ್ಟಿ ಮೊನ್ನೆ ನೆಟ್ಟಣದ ರೈಲು ನಿಲ್ದಾಣದಲ್ಲಿ ನೆನಪಿಗೆ ಬಂತು. ರೈಲು ತಪ್ಪಬಹುದೆಂಬ ಹೆದರಿಕೆಯಿಂದ ನಾನು ಎಲ್ಲಿಗೆ ಹೋಗುವುದಿದ್ದರೂ ಬಹಳ ಮೊದಲೇ ಹೋಗಿ ಕೂರುತ್ತೇನೆ. ಅಂದೂ ಹಾಗೆಯೇ ಕುಳಿತಿದ್ದೆ. ಯಾರೋ ಒಬ್ಬರು ಬಂದು ಒಂದು ತಗಡಿನ ಡಬ್ಬಿಯನ್ನು ನನ್ನ ಕಾಲಬುಡದಲ್ಲಿಟ್ಟು ಬೀಡಿ ಸೇದಲು ಆಚೆ ಹೋದರು. ಮೊದಲು ನನಗೆ ಹೊಳೆದದ್ದು, ಇದರೊಳಗೆ ಸೀಮೆಎಣ್ಣೆ ಇದ್ದು ಅವರ ಬೀಡಿಯ ಕಿಡಿ ಇಲ್ಲಿಗೆ ಹಾರಿದರೆ ಎಂದು. ಆಮೇಲೆ ವಾಸನೆ ಬಂತು. ಸೀಮೆಎಣ್ಣೆಯದಲ್ಲ, ಹುಲ್ಲೆಣ್ಣೆಯದು. ಗುಡ್ಡದ ಮೇಲೆ ಬೆಳೆಯುವ ಮಜ್ಜಿಗೆಹುಲ್ಲನ್ನು ದೊಡ್ಡ ಹಂಡೆಯಲ್ಲಿ ಬೇಯಿಸಿ ಭಟ್ಟಿ ಇಳಿಸಿದ ಎಣ್ಣೆ. ನಿಂಬೆಹಣ್ಣಿನ ಸಿಪ್ಪೆಯನ್ನು ಒಲೆಯ ಹೊಗೆಯಲ್ಲಿಟ್ಟ ಹಾಗೆ ಇರುತ್ತದೆ ಅದು. ಇಪ್ಪತ್ತೈದು ವರ್ಷಗಳ ಹಿಂದೆ ಒಂದು ಇಡೀ ಬೇಸಿಗೆ ನನ್ನ ಅಂಗಿ, ಹಾಸಿಗೆ, ಕಾಗದ, ಕೊನೆಗೆ ನಾನು ಉಣ್ಣುವ ಗಂಜಿ ಕೂಡ ಇದೇ ವಾಸನೆ ಬರುತ್ತಿತ್ತು.

ಆಗ ನಮ್ಮ ಜಿಲ್ಲೆ ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ನಾನು ಓದು ಮುಗಿಸಿ ಪುತ್ತೂರಿನಲ್ಲಿ ಕೆಲಸವಿಲ್ಲದೆ ಕುಳಿತಿದ್ದೆ. ಮದರಾಸಿನ ಪ್ರೊಫೆಸರರೊಬ್ಬರು ತೆಂಕಿನಿಂದ ವಲಸೆ ಬಂದವರಿಂದ ಊರಿನ ಕೂಲಿ ಮಾರುಕಟ್ಟೆಯ ಮೇಲೆ ಏನು ಪರಿಣಾಮವಾಗುತ್ತದೆ ಎಂಬ ಅಧ್ಯಯನ ಹಿಡಿದಿದ್ದರು; ಊರೂರು ತಿರುಗಿ ಲೆಕ್ಕ ಬರೆಯಲು ನನ್ನನ್ನು ಗೊತ್ತುಮಾಡಿಕೊಂಡರು. ಜಿಲ್ಲೆ ಮೈಸೂರಿಗೆ ಹೋಯಿತು, ಅಧ್ಯಯನ ಮದರಾಸಿನಲ್ಲೇ ಉಳಿಯಿತು, ಅದರ ನಡುವೆ ಎಲ್ಲೋ ನನ್ನ ಸಂಬಳ ನಿಂತಿತ್ತು. ಒಂದು ಟ್ರಂಕು, ಒಂದು ಕೊಡೆ, ಒಂದು ಸೀಸೆ ತುಂಬ ಕ್ವಿನೈನ್ ಮಾತ್ರೆ ಹಿಡಿದುಕೊಂಡು ನಾನು ಕಡಬದಲ್ಲಿ ಬಸ್ಸಿಳಿದೆ.

ತಿರುವಾಂಕೂರಿನ ಕ್ರೈಸ್ತರು ಅಷ್ಟರಲ್ಲಿ ಅಲ್ಲಿನ ಗುಡ್ಡಗಳನ್ನು ಹತ್ತಿಯಾಗಿತ್ತು. ತಮ್ಮ ಊರಿನಲ್ಲಿದ್ದ ಸ್ವಲ್ಪ ಭೂಮಿ ಮಾರಿ, ಇಲ್ಲಿ ನಾಲ್ಕು ಪಟ್ಟು ಗುಡ್ಡ ಕೊಂಡು, ಮರಗೆಣಸು, ಕರಿಮೆಣಸು, ಮಜ್ಜಿಗೆಹುಲ್ಲು ಹಾಕಿಕೊಂಡಿದ್ದರು. ಊರಿನ ಜಮೀನುದಾರರ ದೂರು ಒಂದೇ: ಇವರು ಬಂದ ಮೇಲೆ ನಮಗೆ ಆಳು ಸಿಗುವುದಿಲ್ಲ. ಅದು ನಿಜವೇ, ಎಷ್ಟು ನಿಜ, ಎಂದು ನೋಡುವುದು ನನ್ನ ಕೆಲಸ.

ನಾನು ಇಳಿದುಕೊಂಡದ್ದು ಊರಿನ ಪಟೇಲರ ಮನೆಯ ಚಾವಡಿಯ ಪಕ್ಕದ ಕೋಣೆಯಲ್ಲಿ. ಎತ್ತರದ ಮನುಷ್ಯ, ದೊಡ್ಡ ಸ್ವರ, ಬೆಳಿಗ್ಗೆಯಿಂದ ಎಲೆಯಡಿಕೆ. ನಾನು ಬಂದ ಉದ್ದೇಶವನ್ನು ಆದಷ್ಟು ಮೆಲ್ಲಗೆ ವಿವರಿಸಿದೆ.

"ಕೂಲಿ ಮಾರುಕಟ್ಟೆಯಾ?" ಎಂದರು ಪಟೇಲರು. "ಕಡಬದಲ್ಲಿ ಸಂತೆ ಉಂಟು ಮಾರಾಯ್ರೆ, ಒಣಮೀನಿಂದು ಉಂಟು, ಮಡಕೆದು ಉಂಟು. ಆಳಿಂದು ಯಾವ ವಾರ?"

"ಹಾಗಲ್ಲ, ಅದೊಂದು ಮಾತು..."

"ಮಾತು ಅಂತ ಗೊತ್ತುಂಟು. ಆಳು ಮಾರುವ ವಸ್ತು ಅಂತ ನಿಮ್ಮ ಮದರಾಸಿನವರು ಹೇಳಿದ್ರೆ ನಾನೆಂತ ಮಾಡುದು? ನಮ್ಮಲ್ಲಿ ಅದು ಮನೆಗೆ ಸೇರಿದ್ದು."

ಅವರು ಹೇಳಿದ್ದು ಮೂಲದ ಆಳುಗಳ ವಿಷಯ. ತಲೆಮಾರುಗಳಿಂದ ಒಂದೇ ಮನೆಯ ಗದ್ದೆಗೆ ಅಂಟಿಕೊಂಡ ಕುಟುಂಬಗಳು. ಗುಡಿಸಲು ಧನಿಗಳ ಜಾಗದಲ್ಲಿ, ಅಕ್ಕಿ ಧನಿಗಳ ಕಣಜದಿಂದ. ಅವರ ಮಾತಿನಲ್ಲಿ ಇನ್ನೊಂದನ್ನು ನಾನು ಆಗಲೇ ಗಮನಿಸಬೇಕಿತ್ತು. ನಮ್ಮ ಕಡೆ ಜನ ಬರುತ್ತಾರೆ, ಹೋಗುತ್ತಾರೆ. ಆಳು ಮಾತ್ರ ಬರುತ್ತದೆ, ಹೋಗುತ್ತದೆ. ಗಂಡಾಳಾಗಲಿ ಹೆಣ್ಣಾಳಾಗಲಿ, ವ್ಯಾಕರಣದಲ್ಲಿ ದನಕರುಗಳ ಜೊತೆ.

ಐತ ಮತ್ತು ದೇಯಿ ಆ ಮನೆಯ ಮೂಲದ ಆಳುಗಳು. ಐತ ಮಾತಾಡುವುದು ಕಡಿಮೆ, ಮಾತಾಡಿದರೂ ನೆಲ ನೋಡಿಕೊಂಡು. ದೇಯಿ ಹಾಗಲ್ಲ, ಆದರೆ ಅವಳೂ ಅಂಗಳದ ಆಚೆ ನಿಂತು, ಪ್ರತಿ ಮಾತಿನ ತುದಿಗೆ ಒಂದು "ಧನಿ" ಸೇರಿಸಿ ಆಡುವವಳು. ಪಟೇಲರಿಗೆ ಧನಿ, ಅವರ ತಮ್ಮನಿಗೆ ಧನಿ, ಮೂರು ಕಾಸಿಗೆ ಗತಿಯಿಲ್ಲದ ನನಗೂ ಧನಿ. ಅವರಿಬ್ಬರೂ ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಓದುವವರ ಅನುಕೂಲಕ್ಕೆ ಇಲ್ಲಿ ಕನ್ನಡ ಮಾಡಿದ್ದೇನೆ.

ಪಟೇಲರು ನೇರವಾಗಿ ಯಾರನ್ನೂ ಒಕ್ಕಲೆಬ್ಬಿಸುವವರಲ್ಲ. ಅದರ ಅಗತ್ಯವೂ ಇರಲಿಲ್ಲ. ಪ್ರತಿ ವರ್ಷ ಬಿಸು ಹಬ್ಬ ಕಳೆದ ಮೇಲೆ, ಮಳೆ ಹಿಡಿಯುವ ಮೊದಲು, ಅವರ ಗುಡ್ಡದಿಂದ ಕೊಯ್ದ ಮುಳಿಹುಲ್ಲಿನ ಕಟ್ಟುಗಳು ಆಳುಗಳ ಗುಡಿಸಲಿಗೆ ಹೋಗುತ್ತಿದ್ದವು. ಹಳೆಯ ಹುಲ್ಲು ತೆಗೆದು ಹೊಸತು ಹೊದಿಸಿದರೆ ಮತ್ತೊಂದು ಮಳೆಗಾಲ ಕಳೆಯುತ್ತದೆ. ಯಾವ ಗುಡಿಸಲಿಗೆ ಮುಳಿ ಹೋಗಲಿಲ್ಲವೋ ಅವರು ಆ ಮನೆಗೆ ಬೇಡವಾದವರು. ಬಾಯಿ ಬಿಟ್ಟು ಹೇಳುವುದಿಲ್ಲ, ಕೂಗಾಟವಿಲ್ಲ. ಉಳಿದದ್ದನ್ನು ಆಕಾಶ ನೋಡಿಕೊಳ್ಳುತ್ತದೆ.

ಬಿಸು ಕಳೆದ ವಾರ ಪಟೇಲರು, "ಬನ್ನಿ, ನಿಮ್ಮ ಲೆಕ್ಕ ಮಾಡಿಸಿ ಕೊಡ್ತೇನೆ. ನಿಮಗೆ ಮಲೆಯಾಳ ಬರುದಿಲ್ಲ, ನನಗೆ ಬರ್ತದೆ. ಕಾಸರಗೋಡಿನಲ್ಲಿ ಎಂಟು ತಿಂಗಳು ಕೋರ್ಟಿಗೆ ತಿರುಗಿದವ ನಾನು" ಎಂದು ಹೊರಟರು. ಬೇಡವೆನ್ನುವ ಧೈರ್ಯ ನನಗಿರಲಿಲ್ಲ. ಜಮೀನುದಾರನನ್ನು ದುಭಾಷಿ ಮಾಡಿಕೊಂಡು ಆಳಿನ ಲೆಕ್ಕ ಕೇಳಲು ಹೋಗುವುದೆಂದರೆ ಬೆಕ್ಕಿನ ಜೊತೆ ಹಾಲಿನ ಅಳತೆಗೆ ಹೋದ ಹಾಗೆ ಎಂದು ದಾರಿಯುದ್ದಕ್ಕೂ ಅನಿಸುತ್ತಿತ್ತು.

ಗುಡ್ಡದ ಬುಡದಲ್ಲಿದ್ದದ್ದು ಕುರಿಯನ್ ಎಂಬವರ ಮನೆ. ಅವರು ಇರಲಿಲ್ಲ. ಅವರ ಹೆಂಡತಿ ಅನ್ನಮ್ಮ ಮೊಣಕಾಲವರೆಗೆ ಧೂಳು ಮಾಡಿಕೊಂಡು ಮರಗೆಣಸಿನ ಮಣ್ಣು ಏರಿಸುತ್ತಿದ್ದರು. ಇಲ್ಲಿ ಎಷ್ಟು ಆಳುಂಟು ಎಂದು ಪಟೇಲರು ಕೋರ್ಟಿನ ಸ್ವರದಲ್ಲಿ ಕೇಳಿದರು: "ಇವಿಡೆ ಎತ್ರ ಆಳುಂಡು?"

ಅನ್ನಮ್ಮ ಹಣೆಯ ಬೆವರು ಒರೆಸಿ, "ಏಳಾಳ್" ಎಂದರು.

ಪಟೇಲರು ನನ್ನ ಕಡೆ ತಿರುಗಿದರು. "ಕೇಳಿದ್ರಾ? ಏಳು ಆಳು! ಮಾಡಿಗೆ ಸರಿಯಾಗಿ ಹುಲ್ಲಿಲ್ಲ, ಆಳು ಏಳು!"

ಮುಂದಿನ ಮನೆಯಲ್ಲಿ ಎಂಟು, ಅದರಾಚೆ ಆರು. ಒಂದು ಮನೆಯಲ್ಲಿ ಮುದುಕನೊಬ್ಬ ಬಹಳ ಹೆಮ್ಮೆಯಿಂದ "ಹನ್ನೊಂದು" ಎಂದ; ಪಟೇಲರಿಗೆ ಅಲ್ಲಿ ಕುಳಿತುಕೊಳ್ಳಬೇಕಾಯಿತು. ನಾನು ಬರೆದುಕೊಂಡೆ. ನನಗೇನೋ ಸರಿಯೆನಿಸುತ್ತಿರಲಿಲ್ಲ, ಆದರೆ ಆ ದಿನಗಳಲ್ಲಿ ಜ್ವರ ಬರುವ ಮೊದಲೇ ಇರಲೆಂದು ನುಂಗುತ್ತಿದ್ದ ಕ್ವಿನೈನಿನಿಂದ ನನ್ನ ಎರಡು ಕಿವಿಯಲ್ಲೂ ಜೀರುಂಡೆ ಕೂಗುತ್ತಿತ್ತು. ಅಂತಹ ಕಿವಿಯನ್ನು ನಂಬಿ ಪಟೇಲರ ಕಿವಿಯನ್ನು ಸಂಶಯಿಸುವುದು ಹೇಗೆ?

ಹಿಂದಿರುಗುವಾಗ ಕುರಿಯನ್ನರ ಗುಡ್ಡದ ಮೇಲೆ ಏಳೆಂಟು ತಲೆಗಳು ಕಂಡವು. ಎಲ್ಲರೂ ತಲೆಗೆ ಮುಂಡಾಸು ಕಟ್ಟಿ ಗುಂಡಿ ತೋಡುತ್ತಿದ್ದರು. "ಅಗೋ, ನೋಡಿ ಏಳು ಆಳನ್ನು" ಎಂದು ಪಟೇಲರು ಕೈ ತೋರಿಸಿದರು. ಅಷ್ಟರಲ್ಲಿ ಒಂದು ಗುಂಡಿಯಿಂದ ಐತ ಎದ್ದು ನಿಂತ. ನಮ್ಮನ್ನು ನೋಡಿದ. ಮತ್ತೆ ಮೆಲ್ಲಗೆ ಗುಂಡಿಯೊಳಗೆ ಕುಳಿತ.

ಪಟೇಲರು ಏನೂ ಹೇಳಲಿಲ್ಲ. ಮನೆ ಮುಟ್ಟುವವರೆಗೆ ಹೇಳಲಿಲ್ಲ. ಗಟ್ಟಿ ಸ್ವರದವರು ಸುಮ್ಮನಾದರೆ ನನ್ನಂತಹವನಿಗೆ ಬರುವ ಹೆದರಿಕೆ, ಆನೆಯ ಹೆದರಿಕೆಗಿಂತ ದೊಡ್ಡದು.

ಎರಡು ದಿನ ಬಿಟ್ಟು ಮುಳಿಹುಲ್ಲಿನ ಕಟ್ಟುಗಳು ಗುಡ್ಡದಿಂದ ಇಳಿದವು. ಒಂದೊಂದು ಗುಡಿಸಲಿನ ಮುಂದೆ ರಾಶಿ ಬಿತ್ತು. ಐತನ ಗುಡಿಸಲು ದಾಟಿ ಮುಂದೆ ಹೋಯಿತು.

ಸಂಜೆ ಪಟೇಲರೇ ಮಾತೆತ್ತಿದರು. "ಅಲ್ಲ ಮಾರಾಯ್ರೆ, ಬಡವನ ಗುಡ್ಡಕ್ಕೆ ಒಂದು ದಿನ ಕೈ ಕೊಡ್ಲಿಕ್ಕೆ ಹೋದ್ರೆ ನಾನು ಬೇಡ ಹೇಳುವವನಲ್ಲ. ಏಳು ಆಳು ಇಟ್ಟವ ಅವ. ಅಂಥವನ ಹತ್ತಿರ ಎಂಟನೆಯದ್ದಾಗಿ ಹೋಗುದು ಅಂದ್ರೆ ಎಂತ? ಧನಿ ಬದಲಿಸಿದ ಹಾಗೆ ಅಲ್ವಾ?"

ಆ ಸಂಜೆ ಪಶ್ಚಿಮದಲ್ಲಿ ಮೋಡ ಕಟ್ಟಿತು. ಬರೀ ಗುಡುಗಿ ಹೋಯಿತು, ಆದರೆ ನನಗೆ ಊಟ ಸೇರಲಿಲ್ಲ. ಕೋಣೆಯ ಕಿಟಕಿಯಿಂದ ಐತನ ಮಾಡು ಕಾಣುತ್ತಿತ್ತು. ಕಳೆದ ವರ್ಷದ ಹುಲ್ಲು ಕಪ್ಪಾಗಿ, ಅಲ್ಲಲ್ಲಿ ಕುಸಿದು, ಬಿದಿರಿನ ಎಲುಬು ತೋರಿಸುತ್ತಿತ್ತು. ಅಂದಿನಿಂದ ನನಗೆ ಎರಡು ಕೆಲಸವಾಯಿತು: ಬೆಳಿಗ್ಗೆ ಎದ್ದು ಮೋಡ ನೋಡುವುದು, ಆಮೇಲೆ ಆ ಮಾಡು ನೋಡುವುದು.

ದೇಯಿಯನ್ನು ನೀರಿನ ತೋಡಿನ ಹತ್ತಿರ ಕಂಡಾಗ ಕೇಳಿದೆ, ಇಷ್ಟು ಅಪಾಯವಿರುವಾಗ ಕುರಿಯನ್ನರ ಕೆಲಸಕ್ಕೆ ಹೋಗುವುದು ಯಾಕೆ, ಅಲ್ಲಿ ಜಾಸ್ತಿ ಕೊಡುತ್ತಾರೆಯೇ ಎಂದು. ಪ್ರೊಫೆಸರರ ಮೂರನೆಯ ಪ್ರಶ್ನೆಯೂ ಅದೇ ಆಗಿತ್ತು.

"ಸ್ವಲ್ಪ ಜಾಸ್ತಿಯೇ ಧನಿ. ಆದ್ರೆ ಅದಕ್ಕಲ್ಲ."

"ಮತ್ತೆ?"

"ಅಲ್ಲಿ ಹೊತ್ತು ಬಾಡಿದ ಕೂಡ್ಲೇ 'ಹೋಗಿ' ಅಂತ ಹೇಳ್ತಾರೆ ಧನಿ."

"ಪಟೇಲರ ಮನೆಯಲ್ಲೂ ಹೇಳ್ತಾರಲ್ಲ?"

"ಹೇಳ್ತಾರೆ. 'ಹೋಗು, ಹೋಗುವಾಗ ದನ ಕಟ್ಟು. ಹೋಗು, ಹೋಗುವಾಗ ಸೌದೆ ಒಡೆ.' ಅಲ್ಲಿ 'ಹೋಗಿ' ಅಂದ್ರೆ ಹೋಗುದು, ಅಷ್ಟೇ." ಅವಳು ನಕ್ಕಳು. "ಮೊದಲ ದಿನ ನಮಗೆ ಗೊತ್ತಾಗ್ಲಿಲ್ಲ. ಮತ್ತೆಂತ ಹೇಳ್ತಾರೆ ಅಂತ ಅಲ್ಲೇ ನಿಂತಿದ್ದೆವು. ಅನ್ನಮ್ಮ ಹೆದರಿ ಕಾಫಿ ಮಾಡಿ ಕೊಟ್ರು ಧನಿ!"

ಇದನ್ನು ಪ್ರೊಫೆಸರರ ಕೋಷ್ಟಕದ ಯಾವ ಮನೆಯಲ್ಲಿ ಹಾಕುವುದೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಆ ಕೋಷ್ಟಕದಲ್ಲಿ ನನಗೆ ತುಂಬಲು ಇನ್ನೊಂದು ಮನೆ ಬಾಕಿ ಇತ್ತು: ವಲಸಿಗರು ತಮ್ಮ ಆಳುಗಳಿಗೆ ದಿನಕ್ಕೆ ಏನು ಕೊಡುತ್ತಾರೆ? ಅದಕ್ಕೆ ಪಟೇಲರನ್ನು ಬಿಟ್ಟು ಒಬ್ಬನೇ ಹೋದೆ. ಹೋಗುವ ಮೊದಲು ಎರಡು ದಿನ ಕ್ವಿನೈನ್ ನಿಲ್ಲಿಸಿ, ಕಿವಿಯಿಂದ ಜೀರುಂಡೆಗಳನ್ನು ಓಡಿಸಿದೆ. ಆ ಎರಡು ದಿನ ಗಳಿಗೆಗೊಮ್ಮೆ ಹಣೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಕುರಿಯನ್ ಅಂಗಳದಲ್ಲಿ ಹುಲ್ಲೆಣ್ಣೆಯ ಹಂಡೆಗೆ ಬೆಂಕಿ ಹಾಕುತ್ತಿದ್ದರು. ಸಣಕಲು ಮನುಷ್ಯ, ಕನ್ನಡ ತುಳು ಮಲೆಯಾಳ ಮೂರನ್ನೂ ಒಂದೇ ಹಂಡೆಗೆ ಹಾಕಿ ಮಾತಾಡುವವರು. ನಾನು ಅನ್ನಮ್ಮನನ್ನೇ ಕೇಳಿದೆ, ನನ್ನ ಹರಕು ಮಲೆಯಾಳದಲ್ಲಿ: ನಿಮ್ಮ ಏಳು ಆಳುಗಳಿಗೆ ದಿವಸಕ್ಕೆ ಎಷ್ಟು ಕೊಡುತ್ತೀರಿ?

ಅನ್ನಮ್ಮ ಗಂಡನ ಮುಖ ನೋಡಿದರು. "ಆರ್ಕ್? ಅಮ್ಮಚ್ಚಿಕ್ಕೋ?"

ಯಾರಿಗೆ, ಅಜ್ಜಿಗಾ ಎಂದು. ಜಗಲಿಯಲ್ಲಿ ಎಲೆ ಕುಟ್ಟುತ್ತಿದ್ದ ಕುರಿಯನ್ನರ ತಾಯಿ ತಮ್ಮ ಹೆಸರು ಬಂತೆಂದು ತಲೆ ಎತ್ತಿದರು. ನಾನು ಬೆರಳು ಮಡಚಿ ಮತ್ತೆ ವಿವರಿಸಿದೆ. ಏಳು ಆಳು. ಏಳು.

"ಓ!" ಅನ್ನಮ್ಮನಿಗೆ ಈಗ ಅರ್ಥವಾಯಿತು. ಒಬ್ಬೊಬ್ಬರನ್ನೇ ತೋರಿಸಲು ಶುರು ಮಾಡಿದರು. ತನ್ನ ಎದೆ ಮುಟ್ಟಿಕೊಂಡು ಒಂದು. ಗಂಡ ಎರಡು. ಅಜ್ಜಿ ಮೂರು. ಗುಡ್ಡದ ಮೇಲೆ ಮಣ್ಣು ಹೊರುತ್ತಿದ್ದ ಇಬ್ಬರು ಹೆಣ್ಣುಮಕ್ಕಳು, ಮರದ ಕೆಳಗೆ ಆಡುತ್ತಿದ್ದ ಇನ್ನೊಂದು. ಕೊನೆಗೆ ಮಾಡಿನ ಜಂತಿಗೆ ಸೀರೆ ಕಟ್ಟಿದ ತೊಟ್ಟಿಲು ತಳ್ಳಿ ತೋರಿಸಿದರು. "ದಾ, ಇದೊರಾಳ್."

ತೊಟ್ಟಿಲಲ್ಲಿ ಏಳನೆಯ ಆಳು ಬೆರಳು ಚೀಪುತ್ತ ಮಲಗಿತ್ತು.

ಮಲೆಯಾಳದಲ್ಲಿ ಆಳೆಂದರೆ ಮನುಷ್ಯ. ಯಾರೇ ಮನುಷ್ಯ. ಪಾದ್ರಿಯೂ ಆಳು, ಪಟೇಲರೂ ಆಳು. ಪಟೇಲರು ಕೇಳಿದ್ದು ಎಷ್ಟು ಕೆಲಸದಾಳು ಎಂದು. ಅವರು ಹೇಳಿದ್ದು ಮನೆಯಲ್ಲಿ ನಾವು ಎಷ್ಟು ಜನ ಎಂದು. ಹನ್ನೊಂದು ಎಂದ ಮುದುಕ ಹೆಮ್ಮೆಪಟ್ಟದ್ದು ತನ್ನ ಮೊಮ್ಮಕ್ಕಳ ಬಗ್ಗೆ. ನನ್ನ ಕಾಗದಗಳಲ್ಲಿ ಕಡಬದ ಗುಡ್ಡಗಳ ತುಂಬ ಆಳುಗಳಿದ್ದರು, ಅವರಲ್ಲಿ ಅರ್ಧದಷ್ಟು ಮಂದಿಗೆ ಇನ್ನೂ ಹಲ್ಲು ಬಂದಿರಲಿಲ್ಲ.

ಕುರಿಯನ್ ಬಿದ್ದು ಬಿದ್ದು ನಕ್ಕರು. ನಾನು ಐತನ ಮಾಡಿನ ವಿಷಯ ಹೇಳಿದಾಗ ನಗು ನಿಂತಿತು. "ಹೊರಗಿನ ಆಳು ಇಡ್ಲಿಕ್ಕೆ ನಮ್ಮ ಹತ್ರ ಎಂತ ಉಂಟು? ಗುಂಡಿ ನಾವೇ ತೋಡುದು. ಇವತ್ತು ನನ್ನ ಗುಡ್ಡ, ನಾಳೆ ಪಕ್ಕದವನ ಗುಡ್ಡ, ಎಲ್ಲರೂ ಸೇರಿ. ಐತ ಬರುದು ವಾರಕ್ಕೆ ಒಂದೋ ಎರಡೋ ದಿವಸ." ಆಮೇಲೆ ಹಂಡೆಯ ಕೆಳಗೆ ಕಟ್ಟಿಗೆ ನೂಕುತ್ತ, "ಈ ಗುಡ್ಡದ ತುದೀಲಿ ಐತನಿಗೆ ಒಂದು ಮನೆಯ ಜಾಗ ಕೊಡ್ತೇನೆ. ಬೇಕಾದ್ರೆ ಬರಲಿ. ಆದ್ರೆ ಹೇಳ್ಬೇಕಲ್ಲ, ಮೊದಲ ಮಳೆಗಾಲ ನನ್ನ ತಮ್ಮ ಜ್ವರದಲ್ಲಿ ಹೋದ. ಈ ವರ್ಷವೂ ಹಾಗೇ ಆದ್ರೆ ನಾವು ಎಲ್ಲ ಬಿಟ್ಟು ತಿರುಗಿ ಊರಿಗೆ ಹೋಗುದು. ಆಗ ಅವನ ಗತಿ ಎಂತ, ನನಗೆ ಗೊತ್ತಿಲ್ಲ" ಎಂದರು.

ಪಟೇಲರಿಗೆ ಇದನ್ನು ಹೇಳಬೇಕಿತ್ತು. ನಿಮ್ಮ ಮಲೆಯಾಳ ತಪ್ಪು ಎಂದು ಹೇಳಬೇಕಿತ್ತು. ಗುಡ್ಡ ಇಳಿಯುತ್ತ ಆ ಮಾತನ್ನು ನಾನು ಇಪ್ಪತ್ತು ರೀತಿಯಲ್ಲಿ ಜೋಡಿಸಿದೆ. ಎಲ್ಲದರ ಕೊನೆಗೂ ನನ್ನ ಟ್ರಂಕು ಅಂಗಳಕ್ಕೆ ಬೀಳುತ್ತಿತ್ತು.

ಚಾವಡಿಯಲ್ಲಿ ಅವರ ಪಕ್ಕ ಕುಳಿತು, "ಕಾಸರಗೋಡಿನ ಮಲೆಯಾಳ ಬೇರೆ, ತಿರುವಾಂಕೂರಿನದ್ದು ಬೇರೆ ಅಂತ ಕಾಣ್ತದೆ" ಎಂದು ಆರಂಭಿಸಿ, ಬಹಳ ಸುತ್ತು ಬಳಸಿ, ತೊಟ್ಟಿಲವರೆಗೆ ಬಂದೆ. ಪಟೇಲರು ಜಗಿಯುವುದನ್ನು ನಿಲ್ಲಿಸಿದರು.

"ಹಾಗಾದ್ರೆ ಆ ದಿನ ಗುಡ್ಡದಲ್ಲಿ ಗುಂಡಿ ತೋಡ್ತಾ ಇದ್ದದ್ದು?"

"ಕುರಿಯನ್, ಅವರ ಮಕ್ಕಳು, ನೆರೆಕರೆಯವರು."

"ಧನಿಯೇ ಗುಂಡಿಯೊಳಗೆ ಇಳಿಯುದಾ?"

"ಹೌದು."

"ಮನೆ ಹೆಂಗಸರ ತಲೆಯಲ್ಲಿ ಮಣ್ಣು ಹೊರಿಸುದಾ?"

"ಹೌದು."

ಅವರು ತುಪ್ಪಿ ಬಂದು ಕುಳಿತರು. ನಗಬಹುದೆಂದು ಕಾದೆ, ಗದರಬಹುದೆಂದು ಕಾದೆ. ಎರಡೂ ಆಗಲಿಲ್ಲ. "ಅಂಥ ಮನೆಗೆ ಅದು ಎಂತಕ್ಕೆ ಹೋಗ್ತದೆ ಮಾರಾಯ್ರೆ?" ಎಂದು, ನನಗಲ್ಲ, ಎದುರಿನ ಕಂಬಕ್ಕೆ ಕೇಳಿದರು. ಹೊಸ ಎಲೆಗೆ ಸುಣ್ಣ ಹಚ್ಚುತ್ತ, "ಆಯ್ತು. ಏಳು ಆಳು ಇಲ್ಲ ಅಂತಾದ್ರೆ ನನಗೂ ಹಟ ಇಲ್ಲ. ಐತ ಬಂದು ಮುಳಿ ಕೇಳಲಿ. ಕೊಡ್ತೇನೆ" ಎಂದರು.

ಗೆದ್ದೆನೆಂದುಕೊಂಡು ನಾನು ಹೆಚ್ಚುಕಡಿಮೆ ಓಡಿಕೊಂಡೇ ಐತನ ಗುಡಿಸಲಿಗೆ ಹೋದೆ. ಐತ ನೆಲ ನೋಡುತ್ತ ಎಲ್ಲವನ್ನೂ ಕೇಳಿದ. ಎದ್ದು ಒಳಗೆ ಹೋದ.

"ಅವರು ಹೋಗುದಿಲ್ಲ ಧನಿ" ಎಂದಳು ದೇಯಿ. "ನಮ್ಮ ಅಪ್ಪ ಅಜ್ಜ ಯಾರೂ ಮುಳಿ ಕೇಳ್ಲಿಲ್ಲ. ಅದು ಕೇಳುವಂಥದ್ದಲ್ಲ, ಬರುವಂಥದ್ದು. ಕೇಳಿದ್ರೆ ತಪ್ಪು ಮಾಡಿದೆ ಅಂತ ಕಾಲು ಹಿಡಿದ ಹಾಗೆ. ಗುಂಡಿ ತೋಡಿದ್ದು ಎಂತ ತಪ್ಪು?"

ಪಟೇಲರು ಕೇಳದೆ ಕೊಡುವವರಲ್ಲ, ಐತ ಕೊಡದೆ ಕೇಳುವವನಲ್ಲ. ನಡುವೆ ಮೋಡ ದಿನದಿನಕ್ಕೆ ದಪ್ಪವಾಗುತ್ತಿತ್ತು. ಒಂದು ಸಂಜೆ ಗಾಳಿಗೆ ಐತನ ಮಾಡಿನ ಒಂದು ಮೂಲೆ ಎದ್ದು ಹೋಯಿತು. ಅದು ಹಾರಿ ಹೋದದ್ದನ್ನು ಪಟೇಲರೂ ಜಗಲಿಯಿಂದ ನೋಡಿದರು. ಎದ್ದು ಒಳಗೆ ಹೋದರು. ನಾನು ಇಬ್ಬರ ನಡುವೆ ದಿನಕ್ಕೆರಡು ಸಲ ಓಡಾಡಿದೆ. ಇಬ್ಬರೂ ನನ್ನನ್ನು ಬಹಳ ಮರ್ಯಾದೆಯಿಂದ ನಡೆಸಿಕೊಂಡು ಬರಿಗೈಯಲ್ಲಿ ಕಳುಹಿಸಿದರು.

ಕೊನೆಗೆ ನಾನು ಕುರಿಯನ್ ಹೇಳಿದ ಜಾಗದ ಮಾತನ್ನು ದೇಯಿಗೆ ತಿಳಿಸಿದೆ. ತಿಳಿಸುವಾಗಲೇ ಅದರ ಅಪಾಯಗಳನ್ನೂ ಒಂದೊಂದಾಗಿ ವಿವರಿಸಿದೆ. ಆ ವಿಷಯದಲ್ಲಿ ನನ್ನಷ್ಟು ಅನುಭವಿ ಆ ಸೀಮೆಯಲ್ಲಿ ಇನ್ನೊಬ್ಬನಿರಲಿಲ್ಲ. ಜ್ವರ ಬರಬಹುದು. ಅವರು ಊರು ಬಿಡಬಹುದು. ಒಮ್ಮೆ ಇಲ್ಲಿಂದ ಎದ್ದರೆ ಪಟೇಲರು ಮತ್ತೆ ಸೇರಿಸಲಿಕ್ಕಿಲ್ಲ. ಆಗ ಇಲ್ಲಿಯೂ ಇಲ್ಲ, ಅಲ್ಲಿಯೂ ಇಲ್ಲ.

ದೇಯಿ ಪೂರ್ತಿ ಕೇಳಿದಳು. "ಧನಿ, ಇಲ್ಲಿ ಮುಳಿ ಬರುದಿಲ್ಲ. ಅದು ಗೊತ್ತುಂಟು. ಅಲ್ಲಿ ಜ್ವರ ಬರಬಹುದು. ಬರದೆಯೂ ಇರಬಹುದು. ಗೊತ್ತಿದ್ದದ್ದಕ್ಕಿಂತ ಗೊತ್ತಿಲ್ಲದ್ದು ವಾಸಿ ಅಲ್ವಾ?"

ನನ್ನ ಇಡೀ ಜೀವಮಾನದ ಸಿದ್ಧಾಂತ ಇದಕ್ಕೆ ಸರಿಯಾಗಿ ವಿರುದ್ಧವಾದದ್ದು. ಅವಳು ನನ್ನ ಉತ್ತರಕ್ಕೆ ಕಾಯಲಿಲ್ಲ; ಒಳಗೆ ಹೋಗಿ ಗಂಡನ ಜೊತೆ ಸಣ್ಣ ಸ್ವರದಲ್ಲಿ ಮಾತಾಡತೊಡಗಿದಳು. ಮರುದಿನ ಅವರು ಹೊರಡುವುದೆಂದಾಯಿತು.

ಆ ಮುಂಜಾನೆ ನಾನು ಎದ್ದಾಗ ಆಕಾಶ ಮಸಿ ಹಿಡಿದ ಹಂಡೆಯ ತಳದಂತಿತ್ತು. ಪಟೇಲರು ಜನ ಕಳುಹಿಸಿ ತಡೆಯುತ್ತಾರೆಂದುಕೊಂಡೆ. ಅವರು ಚಾವಡಿಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತು, ಎಂದೂ ಇಲ್ಲದೆ ತಾವೇ ಅಡಿಕೆ ಕತ್ತರಿಸಿಕೊಳ್ಳುತ್ತಿದ್ದರು. ನಾನು ಹೊರಡುವಾಗ, "ಎಲ್ಲಿಗೆ?" ಎಂದರು.

"ಸ್ವಲ್ಪ ಆ ಕಡೆ..."

"ಹೋಗಿ, ಹೋಗಿ. ಗುಡ್ಡದ ದಾರಿ ಜಾರ್ತದೆ ಅಂತ ಅವರಿಗೂ ಹೇಳಿ."

ಅವರಿಗೂ ಎಂದರು. ಅದಕ್ಕೂ ಎನ್ನಲಿಲ್ಲ. ಅದು ಅವರಿಗೇ ತಿಳಿಯದೆ ಬಂದ ಮಾತಿರಬೇಕು. ನಾನು ಬೇರೆ ಯಾರಿಗೂ ಹೇಳಲು ಹೋಗಲಿಲ್ಲ.

ದಾರಿಯಲ್ಲಿ ಮಳೆ ಬರುತ್ತದೆಂದುಕೊಂಡೆ. ಬರಲಿಲ್ಲ. ಕುರಿಯನ್ ಮಾತು ಬದಲಿಸುತ್ತಾರೆಂದುಕೊಂಡೆ. ಅವರು ಹೆಂಡತಿ, ಮಕ್ಕಳು, ನೆರೆಯವರು, ಹನ್ನೊಂದು ಆಳಿನ ಮುದುಕ, ಎಲ್ಲರನ್ನೂ ಕಟ್ಟಿಕೊಂಡು ಗುಡ್ಡದ ತುದಿಯಲ್ಲಿ ಕಂಬ ನೆಟ್ಟು, ಎಣ್ಣೆ ಇಳಿಸಿದ ಮಜ್ಜಿಗೆಹುಲ್ಲನ್ನೇ ಒಣಗಿಸಿ ಮಾಡಿಗೆ ಹೊದಿಸುತ್ತಿದ್ದರು. ಆ ಹುಲ್ಲು ಸೋರುತ್ತದೆಂದುಕೊಂಡೆ. ಸೋರಲಿಲ್ಲ. ಆ ಮಳೆಗಾಲ ಡಿಡಿಟಿ ಹೊಡೆಯುವವರು ಬಂದರು. ಗುಡ್ಡದ ಮೇಲೆ ಯಾರೂ ಜ್ವರದಿಂದ ಸಾಯಲಿಲ್ಲ, ಕುರಿಯನ್ನರ ಮನೆಯವರು ಊರು ಬಿಡಲಿಲ್ಲ. ಪಟೇಲರ ಕೊಯ್ಲು ನಿಲ್ಲಲೂ ಇಲ್ಲ. ಗದ್ದೆಯ ಪೈರು ಮಾಗಿದಾಗ ಐತ ಕುರಿಯನ್ನರ ಗುಡ್ಡದಿಂದ ಇಳಿದು ಬಂದು ಪಟೇಲರಲ್ಲಿಯೇ ಕೊಯ್ದ, ಹೊತ್ತು ಬಾಡಿದ ಕೂಡಲೇ ಹೋದ. ಪಟೇಲರು ಮೂರು ದಿನ ನೋಡಿ, ನಾಲ್ಕನೆಯ ದಿನ ಹೊತ್ತು ಬಾಡುವ ಮೊದಲೇ ಎದ್ದು ಒಳಗೆ ಹೋಗುವ ಅಭ್ಯಾಸ ಮಾಡಿಕೊಂಡರು, ಐತ ಹೋಗುವುದನ್ನು ನೋಡಬೇಕಾಗದಿರಲೆಂದು. ನನ್ನ ವರದಿಯನ್ನು ಪ್ರೊಫೆಸರರು ತಿದ್ದಿ ಅಚ್ಚು ಹಾಕಿಸಿದರು. ವಲಸಿಗರು ಆಳುಗಳನ್ನು ಕಸಿದುಕೊಂಡಿಲ್ಲ, ಹೋಗಲು ಇನ್ನೊಂದು ಜಾಗವುಂಟೆಂಬ ಸುದ್ದಿಯನ್ನು ಮಾತ್ರ ತಂದಿದ್ದಾರೆ ಎಂಬ ನನ್ನ ಸಾಲಿಗೆ ಅಂಕಿ ಅಂಶದ ಆಧಾರವಿಲ್ಲವೆಂದು ಅದನ್ನು ಬಿಟ್ಟರು. ಪ್ರೊಫೆಸರರು ಬಹಳ ವರ್ಷ ಬದುಕಿದರು. ಆನೆ ಬರಲಿಲ್ಲ.

ಕೆಟ್ಟದ್ದು ಒಂದೇ, ಅದೂ ಹೊರಟ ದಿನವೇ, ಗುಡ್ಡದ ಅರ್ಧ ದಾರಿಯಲ್ಲಿ. ಐತನ ತಲೆಯ ಮೇಲೆ ಚಾಪೆ, ಬುಟ್ಟಿ, ಕತ್ತಿ. ದೇಯಿಯ ತಲೆಯ ಮೇಲೆ ಪಾತ್ರೆ, ಸೊಂಟದಲ್ಲಿ ಒಂದು ಮಣ್ಣಿನ ಭರಣಿ. ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ, ಆಟಿ ತಿಂಗಳ ಮಳೆಯಲ್ಲಿ ಬೇರೆ ಏನೂ ಸಿಗದಾಗ ತಿನ್ನಲು. ಏರು ಕಡಿದಾದಲ್ಲಿ ಅವಳು ತಡವರಿಸಿದಳು. ಅವಳು ಬೀಳುತ್ತಾಳೆ, ಭರಣಿ ಒಡೆಯುತ್ತದೆ ಎಂದು ನನಗೆ ಎಷ್ಟು ಸ್ಪಷ್ಟವಾಗಿ ಕಂಡಿತೆಂದರೆ, "ಕೊಡು, ಕೊಡು" ಎಂದು ಕಿತ್ತುಕೊಂಡೆ. ಅವಳು ಬೇಡವೆನ್ನುವ ಮೊದಲೇ ಅದು ನನ್ನ ಕೈಯಲ್ಲಿತ್ತು. ಐದು ಹೆಜ್ಜೆಯೂ ಹೋಗಿರಲಿಲ್ಲ. ಅವಳ ಕಾಲು ಸರಿಯಾಗಿ ಊರುತ್ತಿದೆಯೇ ಎಂದು ಹಿಂದೆ ತಿರುಗಿ ನೋಡುತ್ತ ಹತ್ತುತ್ತಿದ್ದ ನಾನು ಒಂದು ಬೇರಿಗೆ ಎಡವಿದೆ.

ಭರಣಿ ಕಲ್ಲಿಗೆ ಬಡಿದು ಹೋಳಾಯಿತು. ಉಪ್ಪುನೀರು ದಾರಿಯುದ್ದಕ್ಕೂ ಇಳಿಯಿತು, ಸೊಳೆಗಳು ತರಗೆಲೆಯ ಮೇಲೆ ಚೆಲ್ಲಾಡಿದವು.

ದೇಯಿ ತಲೆಯ ಪಾತ್ರೆ ಕೆಳಗಿಳಿಸಿ, ಎರಡು ಕೈಯನ್ನೂ ಸೊಂಟಕ್ಕಿಟ್ಟಳು.

"ಕಣ್ಣು ಎಲ್ಲಿ ಇಟ್ಟಿದ್ರಿ ಮಾರಾಯ್ರೆ? ನಾನು ಕೊಟ್ಟಿದ್ದೆನಾ? ಕೊಡು ಕೊಡು ಅಂತ ಎಳ್ಕೊಂಡದ್ದು ಯಾರು? ಒಂದು ಭರಣಿ ಹಿಡಿದು ನಾಲ್ಕು ಹೆಜ್ಜೆ ಇಡ್ಲಿಕ್ಕೆ ಬರುದಿಲ್ಲ, ಊರಿನ ಕೆಲಸದವರ ಲೆಕ್ಕ ಬರೆಯುದಂತೆ! ಇನ್ನು ಆಟಿಯಲ್ಲಿ ಎಂತ ತಿನ್ನುದು, ನಿಮ್ಮ ಕಾಗದವಾ?" ಗುಡ್ಡದ ಮೇಲಿದ್ದವರು ಕೆಲಸ ನಿಲ್ಲಿಸಿ ಕೆಳಗೆ ಇಣುಕುವಷ್ಟು ದೊಡ್ಡ ಸ್ವರ ಅದು. ಕೆಳಗೆ ಚಾವಡಿಗೂ ಕೇಳಿರಬೇಕು. "ನೋಡ್ತಾ ನಿಂತ್ರೆ ಸೊಳೆ ಎದ್ದು ಬರ್ತದಾ? ಹೆಕ್ಕಿ!"

ನಾನು ಕುಳಿತು ಹೆಕ್ಕಿದೆ.